ಕಾಳು ಒಡೆಯಲು ಕಲಿಯುವ ತನಕ

ಆಟಿ ತಿಂಗಳ ಮಳೆಗೆ ನಮ್ಮ ಗಿಳಿ ಕೇಂದ್ರಕ್ಕೆ ಬರುವವರು ಕಡಿಮೆ. ಕಟೀಲಿನಲ್ಲಿ ದರ್ಶನ, ಊಟ ಮುಗಿಸಿ ಕಿನ್ನಿಗೋಳಿ ಕಡೆ ಹೊರಟವರು ದಾರಿಯಲ್ಲಿ ಬೋರ್ಡು ಕಂಡು ಒಳಗೆ ತಿರುಗುವುದುಂಟು. ಆ ಭಾನುವಾರ ಅವರೂ ಇರಲಿಲ್ಲ. ಉಡುಪಿಯಿಂದ ಒಂದೇ ಒಂದು ಕಾರು ಬಂತು. ತಂದೆ, ಮತ್ತು ಎಂಟೊಂಬತ್ತು ವರ್ಷದ ಮಗಳು. ಟಿಕೆಟ್ ಕೊಳ್ಳುವ ಮೊದಲೇ ತಂದೆ ವಿಷಯಕ್ಕೆ ಬಂದರು: “ಸನ್ ಕನ್ಯೂರ್ ಮರಿ ಇದೆಯಂತಲ್ಲ, ಇವತ್ತೇ ಕೊಂಡುಹೋಗಬೇಕು. ಇವಳ ಹುಟ್ಟುಹಬ್ಬ.”

ಮರಿಗಳು ಇದ್ದದ್ದು ನಿಜ. ತಿಂಗಳು ತುಂಬಿತ್ತಷ್ಟೆ. ರೆಕ್ಕೆಯ ಗರಿಗಳು ಇನ್ನೂ ಕೊಳವೆಯೊಳಗೇ ಇದ್ದವು, ತುದಿಯಲ್ಲಿ ಮಾತ್ರ ಹಸಿರು ಇಣುಕುತ್ತಿತ್ತು. ತಾವಾಗಿ ತಿನ್ನಲು ಕಲಿಯದ ಮರಿಯನ್ನು ನಾವು ಯಾರಿಗೂ ಕೊಡುವುದಿಲ್ಲ, ಸನ್ ಕನ್ಯೂರ್‌ಗೆ ಅದಕ್ಕೆ 8ರಿಂದ 10 ವಾರ ಬೇಕು ಎಂದೆ.

“ಸಣ್ಣದಿರುವಾಗಲೇ ತಂದರೆ ಅಲ್ಲವೇ ನಮ್ಮನ್ನು ಹಚ್ಚಿಕೊಳ್ಳುವುದು? ಕೊಡಿ ಮಾರಾಯ್ರೆ, ಸಿರಿಂಜಿನಲ್ಲಿ ಉಣಿಸುವುದನ್ನು ಮೊಬೈಲಿನಲ್ಲಿ ನೋಡಿದ್ದೇನೆ.”

ಈ ನಂಬಿಕೆ ಎಲ್ಲಿ ಹುಟ್ಟಿತೋ, ಎಷ್ಟು ಮರಿಗಳ ಪ್ರಾಣ ತೆಗೆದಿದೆಯೋ! ಮಾರುವವರಿಗೂ ಇದು ಅನುಕೂಲವೇ. ಒಂದೂವರೆ ತಿಂಗಳ ಆರೈಕೆ ಉಳಿಯುತ್ತದೆ, ದುಡ್ಡು ಬೇಗ ಕೈಸೇರುತ್ತದೆ. ಆದರೆ ಕೈತುತ್ತು ತಿಂದು ಬೆಳೆದ ಹಕ್ಕಿ ಮೂರನೇ ತಿಂಗಳಲ್ಲಿ ಹೊಸ ಮನೆಗೆ ಹೋದರೂ ಅಲ್ಲಿಯವರನ್ನು ಹಚ್ಚಿಕೊಳ್ಳುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ವಾದ ಮಾಡುವುದಕ್ಕಿಂತ ತೋರಿಸುವುದು ಮೇಲು ಎನಿಸಿತು. ಮಧ್ಯಾಹ್ನದ ಊಟದ ಹೊತ್ತೂ ಆಗಿತ್ತು. ಇಬ್ಬರನ್ನೂ ಮರಿಕೋಣೆಯ ಗಾಜಿನ ಕಿಟಕಿಯ ಬಳಿ ನಿಲ್ಲಿಸಿ, ಕೈ ತೊಳೆದು ಒಳಗೆ ಹೋದೆ. ಮರಿಗಳಿಗೆಂದೇ ಬರುವ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಗಂಜಿಯ ಹದಕ್ಕೆ ತಂದು ಥರ್ಮಾಮೀಟರ್ ಅದ್ದಿದೆ. 48 ಡಿಗ್ರಿ. ಹುಡುಗಿಗೆ ಕಾಣುವಂತೆ ಎತ್ತಿ ಹಿಡಿದೆ. 41ಕ್ಕೆ ಇಳಿಯುವವರೆಗೆ ಎಲ್ಲರೂ ಕಾದೆವು, ಮರಿಗಳು ಮಾತ್ರ ಕಾಯಲಾರದೆ ಅರಚುತ್ತಿದ್ದವು. ಬಿಸಿ ಹೆಚ್ಚಾದರೆ ಗಂಟಲ ಬುಡದ ಚೀಲ ಒಳಗಿನಿಂದಲೇ ಸುಡುತ್ತದೆ. ಅವತ್ತೇ ಗೊತ್ತಾಗುವುದಿಲ್ಲ. ಕೆಲವು ದಿನ ಕಳೆದು ಚರ್ಮ ತೂತಾಗಿ, ಉಣಿಸಿದ್ದು ಹೊರಗೆ ಸೋರುವಾಗ ತಿಳಿಯುತ್ತದೆ. ತಣ್ಣಗಾದದ್ದನ್ನು ಕೊಟ್ಟರೆ ಚೀಲ ಕೆಲಸ ನಿಲ್ಲಿಸಿ ಗಂಜಿ ಅಲ್ಲೇ ಹುಳಿಯುತ್ತದೆ. ಇದನ್ನೆಲ್ಲ ಕಿಟಕಿಯ ಕಡೆ ಮುಖಮಾಡಿ ದೊಡ್ಡ ದನಿಯಲ್ಲೇ ಹೇಳಿದೆ.

ಮೊದಲ ಮರಿಯನ್ನು ಟವೆಲ್ ಮೇಲಿಟ್ಟು ಸಿರಿಂಜಿನ ತುದಿಯನ್ನು ಕೊಕ್ಕಿನ ಎಡಬದಿಯಿಂದ ಬಲಕ್ಕೆ ಓರೆಯಾಗಿ ಹಿಡಿದೆ. ಅನ್ನನಾಳ ಕುತ್ತಿಗೆಯ ಬಲಕ್ಕಿದೆ, ಉಸಿರಿನ ದ್ವಾರ ನಾಲಿಗೆಯ ಹಿಂದೆ ನಡುವಿನಲ್ಲಿದೆ. ಮರಿ ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತ ನುಂಗುವಾಗಷ್ಟೇ ಒತ್ತಬೇಕು, ಅದು ನಿಂತ ಕ್ಷಣ ನಾವೂ ನಿಲ್ಲಿಸಬೇಕು. ತಪ್ಪಿದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ತೆಳು ಚರ್ಮದ ಕೆಳಗೆ ಚೀಲ ಉಬ್ಬುತ್ತ ಬರುವುದನ್ನು ಹುಡುಗಿ ಮೂಗನ್ನು ಗಾಜಿಗೆ ಒತ್ತಿ ನೋಡುತ್ತಿದ್ದಳು. ತಂದೆಯ ಕೈ ಜೇಬಿನ ಮೊಬೈಲಿಗೆ ಹೋಗಲೇ ಇಲ್ಲ.

ಹೊರಗೆ ಬಂದಾಗ ಅವಳು ಕೇಳಿದಳು: “ಮಾಮ, ಇದರ ಅಮ್ಮ ಇಲ್ಲವಾ?”

ಇದ್ದಾಳೆ, ಆ ಮುರಕಲ್ಲಿನ ಗೋಡೆಯ ಆಚೆ, ಅಪ್ಪನೂ ಇದ್ದಾನೆ, ಮೂರನೇ ವಾರದವರೆಗೆ ಇಬ್ಬರೂ ಸೇರಿ ಉಣಿಸಿದ್ದಾರೆ ಎಂದೆ. “ಹಾಗಾದರೆ ಹುಡುಕುವುದಿಲ್ಲವಾ?” ಹುಡುಕುತ್ತವೆ, ಒಂದೆರಡು ದಿನ ಕೂಗುತ್ತವೆ. ಮಕ್ಕಳಿಗೆ ಈ ವಿಷಯದಲ್ಲಿ ಸಿಹಿ ಸುಳ್ಳು ಹೇಳಬಾರದು ಎಂಬುದು ನನ್ನ ನಿಲುವು. ನಾವು ಪ್ರತಿ ಜೋಡಿಗೂ ವರ್ಷದಲ್ಲಿ ಒಂದು ಸಲದ ಮರಿಗಳನ್ನು ಪೂರ್ತಿ ಬಿಟ್ಟುಕೊಡುತ್ತೇವೆ. ಹಾಗೆ ಬೆಳೆದವು ನಮ್ಮ ಕೈಗೆ ಬರುವುದಿಲ್ಲ, ಪ್ರವಾಸಿಗರ ಭುಜದ ಮೇಲೆ ಕೂರುವುದಿಲ್ಲ. ಆದರೆ ದೊಡ್ಡವಾದ ಮೇಲೆ ತಮ್ಮ ಮರಿಗಳನ್ನು ಅವುಗಳಷ್ಟು ಚೆನ್ನಾಗಿ ನೋಡಿಕೊಳ್ಳುವ ಹಕ್ಕಿಗಳು ನಮ್ಮಲ್ಲಿ ಬೇರಿಲ್ಲ. ಗೋಡೆಯಾಚೆಗೆ ಯಾರನ್ನೂ ಬಿಡದಿರುವುದೂ ಅವುಗಳಿಗಾಗಿಯೇ. ಅಪರಿಚಿತರ ಗದ್ದಲಕ್ಕೆ ಬೆದರಿದ ಜೋಡಿ ಮೊಟ್ಟೆ ಒಡೆಯುವುದುಂಟು, ಕಾವು ಬಿಟ್ಟು ಏಳುವುದುಂಟು.

ತಂದೆ ಮುಂಗಡ ಕೊಡಲು ಬಂದರು. ತೆಗೆದುಕೊಳ್ಳುವ ಮೊದಲು ಕಾಗದಪತ್ರದ ಮಾತು ಹೇಳಿದೆ. ದಕ್ಷಿಣ ಅಮೆರಿಕದ ಈ ಗಿಳಿ ತನ್ನ ಮೂಲನೆಲೆಯಲ್ಲೇ ಅಳಿವಿನಂಚಿನಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ನಿಯಮ ಬಂದ ಮೇಲೆ ಇದನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಲೇಬೇಕು, ಕೈ ಬದಲಾದರೂ ತಿಳಿಸಬೇಕು. ಕಾಲಿನ ಮುಚ್ಚಿದ ಉಂಗುರವನ್ನೂ ತೋರಿಸಿದೆ. ಎರಡನೇ ವಾರದ ಹೊತ್ತಿಗೆ ಬೆರಳುಗಳನ್ನು ಒಟ್ಟುಮಾಡಿ ಅದನ್ನು ತೂರಿಸುತ್ತೇವೆ. ಕಾಲು ಬೆಳೆದ ಮೇಲೆ ತೂರಿಸಲು ಆಗದು, ಆದ್ದರಿಂದ ಹಕ್ಕಿ ಕಾಡಿನಿಂದ ಹಿಡಿದದ್ದಲ್ಲ, ಪಂಜರದಲ್ಲೇ ಹುಟ್ಟಿದ್ದೆಂಬುದಕ್ಕೆ ಅದೇ ಗುರುತು. “ಮತ್ತೆ ನಮ್ಮ ಊರಿನ ಹಸಿರು ಗಿಳಿ?” ಎಂದರು. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ತೆಂಗಿನ ಪೊಟರೆಯೇ ಅದರ ಮನೆಯಾಗಿರಲಿ ಎಂದೆ. ಇದನ್ನು ಹೇಳುವಾಗೆಲ್ಲ ನನಗೆ ಸಂತೋಷವಾಗುತ್ತದೆ.

ಆಮೇಲೆ ಮಳೆಗಾಲದ ಉಳಿದ ದಿನಗಳು ಎಂದಿನಂತೆ ಸಾಗಿದವು. ಕರಾವಳಿಯ ತೇವಕ್ಕೆ ಕಾಳುಗಳಿಗೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಗಿಳಿಯ ಶ್ವಾಸಕ್ಕೂ ಯಕೃತ್ತಿಗೂ ವಿಷ. ಜೂನ್ ಬಂತೆಂದರೆ ನೆಲಗಡಲೆ ಬಂದ್, ಸೂರ್ಯಕಾಂತಿ ಬೀಜ ಗಾಳಿಯಾಡದ ಡಬ್ಬದಲ್ಲಿ. ಬೆಳಗ್ಗೆ ಹಣ್ಣು ಹೆಚ್ಚುವ ಅಕ್ಕ ಪಪ್ಪಾಯಿ, ಪೇರಳೆಯ ಜೊತೆ ಮರಿಗಳ ಮುಂದೆ ನೆನೆಸಿದ ಕಾಳನ್ನೂ ಹರಡುತ್ತಿದ್ದರು. ಮೊದಲು ಅವು ಆಟಕ್ಕೆ ಕಚ್ಚಿ ಬಿಸಾಡಿದವು. ಬರಬರುತ್ತ ಸಂಜೆಯ ಸಿರಿಂಜಿಗೆ ಮುಖ ತಿರುಗಿಸಿದವು. ಆಗ ದಿನಾ ತೂಗಲು ತೊಡಗಿದೆ. ಹಾರಲು ಹೊರಟ ಮರಿ ತುಸು ಇಳಿಯುತ್ತದೆ, ಇಳಿದದ್ದು ನಿಂತು ತೂಕ ಸ್ಥಿರವಾದ ಮೇಲೆಯೇ ಕೊಡಬೇಕು.

ಚೌತಿ ಕಳೆದು ಅವರು ಬಂದಾಗ ಅವಳ ಹಕ್ಕಿ ಕೋಲಿನ ಮೇಲೆ ಕುಳಿತು ಒಂದು ಕಾಲಿನಲ್ಲಿ ಸೂರ್ಯಕಾಂತಿ ಬೀಜ ಹಿಡಿದು, ಸಿಪ್ಪೆ ಉಗುಳಿ ತಿರುಳು ತಿನ್ನುತ್ತಿತ್ತು. ಉಂಗುರದ ಸಂಖ್ಯೆ ಬರೆದುಕೊಂಡು, ವಾರಕ್ಕಾಗುವಷ್ಟು ಅದೇ ಆಹಾರ ಕಟ್ಟಿಕೊಟ್ಟೆ. ಬೆಣ್ಣೆಹಣ್ಣು, ಚಾಕೊಲೇಟ್ ಕೊಡಕೂಡದು, ನಾನ್‌ಸ್ಟಿಕ್ ಪಾತ್ರೆ ಮಿತಿಮೀರಿ ಕಾದು ಹೊಗೆ ಬಂದರೆ ಪಂಜರದ ಹಕ್ಕಿ ಬದುಕುವುದಿಲ್ಲ, ಅಂಥದ್ದು ಮನೆಯಲ್ಲಿದ್ದರೆ ಮೊದಲು ಅದನ್ನು ತೆಗೆಯಿರಿ ಎಂದೆ. ತಂದೆ ಅಲ್ಲಿಂದಲೇ ಮನೆಗೆ ಫೋನ್ ಮಾಡಿದರು. ಆ ಕಡೆಯಿಂದ ಅವರ ತಾಯಿಯ ದನಿ ನಮಗೂ ಕೇಳಿಸಿತು: “ನೀರುದೋಸೆಗೆ ನಮ್ಮದು ಬೀಡಿನ ಕಾವಲಿಯೇ ಮಗ, ಅದು ನಿನಗೆ ಗೊತ್ತಿಲ್ಲವಾ?”