ಗೇರ್ ಬಾಕ್ಸಿಗೆ ನೀರು ಹೊಕ್ಕಿದೆ, ಮನೆಯಲ್ಲೇ ಬಿಚ್ಚಬಹುದಾ?

ಮಳೆಗಾಲದ ಆಟಿ ತಿಂಗಳು ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ ಪ್ರಶ್ನೆ. "ದೋಣಿಯ ಇಂಜಿನ್ನಿನ ಗೇರ್ ಎಣ್ಣೆಗೆ ನೀರು ಸೇರಿ ಬೆಳ್ಳಗಾಗಿದೆ. ಮನೆಯಲ್ಲೇ ಬಿಚ್ಚಬಹುದಾ, ಮೆಕ್ಯಾನಿಕ್ಕಿಗೇ ಕೊಡಬೇಕಾ?" ಮಂಜೇಶ್ವರದಿಂದ, ಕುಂಬಳೆಯಿಂದ, ತಲಪಾಡಿಯ ಆಚೆ ಉಳ್ಳಾಲದಿಂದಲೂ ಕೇಳುತ್ತಾರೆ. ಶಿರಿಯ ಹೊಳೆಯ ಅಳಿವೆಯ ಹತ್ತಿರ ನಮ್ಮದೊಂದು ಸಣ್ಣ ಫೈಬರ್ ದೋಣಿ ಇದೆ, ಅದಕ್ಕೆ 9.9 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್. ಅದರ ಕೆಳಭಾಗವನ್ನು, ಅಂದರೆ ನೀರಿನೊಳಗೆ ಇರುವ ಗೇರ್ ಬಾಕ್ಸನ್ನು, ನಮ್ಮ ಜಗಲಿಯಲ್ಲೇ ಮೂರು ಸಲ ಪೂರ್ತಿ ಬಿಚ್ಚಿ ಜೋಡಿಸಿದ್ದೇನೆ.

ಉತ್ತರ: ಬಿಚ್ಚಬಹುದು. ಆದರೆ ನೀರು ಎಲ್ಲಿಂದ ಹೊಕ್ಕಿತು ಎಂದು ಕಂಡುಹಿಡಿಯುವ ಮೊದಲು ಬಿಚ್ಚಬೇಡಿ.

ಮೊದಲ ಸಲ ನಾನು ಮಾಡಿದ ತಪ್ಪು ಅದೇ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ ಕೂಡಲೇ ಮಂಗಳೂರಿನ ದಕ್ಕೆಯ (ಮೀನುಗಾರಿಕೆ ಬಂದರಿನ) ಹತ್ತಿರದ ಅಂಗಡಿಯಿಂದ ಸೀಲುಗಳನ್ನು, ಅಂದರೆ ಶಾಫ್ಟಿನ ಸುತ್ತ ಕೂತು ನೀರು ತಡೆಯುವ ರಬ್ಬರ್ ತುಟಿಯ ಬಳೆಗಳನ್ನು, ತಂದೆ, ಹಾಕಿದೆ, ಹೊಸ ಎಣ್ಣೆ ತುಂಬಿದೆ. ಮೂರೇ ವಾರದಲ್ಲಿ ಎಣ್ಣೆ ಮತ್ತೆ ಬೆಳ್ಳಗಾಯಿತು. ಸೀಲು ಕಳಪೆ ಎಂದುಕೊಂಡು ಇನ್ನೊಂದು ಜೊತೆ ತಂದೆ. ಅದೂ ನಿಲ್ಲಲಿಲ್ಲ. ಕೊನೆಗೆ ಪ್ರೊಪೆಲ್ಲರನ್ನು ತಿರುಗಿಸುವ ಶಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ಸೀಲಿನ ತುಟಿ ಕೂರುವ ಜಾಗದ ಮೇಲೆ ಉಗುರು ಎಳೆದೆ. ಉಗುರು ತಡೆಯಿತು. ಕಣ್ಣಿಗೆ ಬರೀ ಹೊಳಪಿನ ಗೆರೆ, ಬೆರಳಿಗೆ ಮಾತ್ರ ಗೊತ್ತಾಗುವಂಥ ಚಡಿ. ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡಿದ್ದ ಬಲೆಯ ನೈಲಾನ್ ನೂಲು ಮೊದಲು ಸೀಲನ್ನು ಕೊರೆದಿತ್ತು. ಆ ಸಂದಿಯಲ್ಲಿ ಸೇರಿದ ಮರಳು ಶಾಫ್ಟನ್ನೇ ತೇಯ್ದಿತ್ತು. ಅಂಥ ಚಡಿಯ ಮೇಲೆ ಎಷ್ಟು ಒಳ್ಳೆಯ ಸೀಲು ಹಾಕಿದರೂ ನೀರು ಒಳಗೆ ಬಂದೇ ಬರುತ್ತದೆ. ಹೊಸ ಶಾಫ್ಟಿಗೆ ಆಗ ಕೈಯಲ್ಲಿ ದುಡ್ಡಿರಲಿಲ್ಲ. ಸೀಲಿನ ಗೂಡಿನಲ್ಲಿ ಸ್ವಲ್ಪ ಜಾಗವಿತ್ತು, ಹಾಗಾಗಿ ಸೀಲನ್ನು ಒಂದೂವರೆ ಮಿಲಿಮೀಟರಿನಷ್ಟು ಹೊರಗೆ ಕೂರಿಸಿದೆ. ತುಟಿ ತೇಯದ ಜಾಗಕ್ಕೆ ಬಂತು, ಸೋರಿಕೆ ನಿಂತಿತು.

ಈಗ ನಾನು ಮಾಡುವ ಕ್ರಮ ಬೇರೆ. ಇಂಜಿನನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಗೇರ್ ಬಾಕ್ಸಿನ ಎಣ್ಣೆಯ ಎರಡು ತೂತುಗಳಲ್ಲಿ ಕೆಳಗಿನದರ ತಿರುಪನ್ನು ಸ್ವಲ್ಪವೇ ಸಡಿಲಿಸುತ್ತೇನೆ. ನೀರು ಎಣ್ಣೆಗಿಂತ ಭಾರ. ಬೆರೆಯದೆ ಉಳಿದ ನೀರಿದ್ದರೆ ಮೊದಲ ಹನಿಗಳಲ್ಲೇ ಗೊತ್ತಾಗುತ್ತದೆ. ಎಣ್ಣೆಯನ್ನೆಲ್ಲ ಡಬ್ಬಕ್ಕೆ ಇಳಿಸಿ ಕೆಳಗಿನ ತಿರುಪು ಮುಚ್ಚಿ, ಮೇಲಿನ ತೂತಿಗೆ ಸೈಕಲ್ ಪಂಪನ್ನೂ ಮೀಟರನ್ನೂ ಜೋಡಿಸಿ ಹತ್ತು ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಹಾಕಿ, ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸುತ್ತೇನೆ. ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲೇ ರೋಗ. ಸುಮ್ಮನೆ ನೋಡುತ್ತ ನಿಂತರೆ ಸಾಲದು, ಶಾಫ್ಟನ್ನು ಕೈಯಲ್ಲಿ ತಿರುಗಿಸಬೇಕು, ಗೇರ್ ಬದಲಿಸುವ ಸರಳನ್ನು ಮೇಲೆ ಕೆಳಗೆ ಆಡಿಸಬೇಕು. ನಿಂತಾಗ ಮುಚ್ಚಿಕೊಂಡಿರುವ ಸೀಲು ತಿರುಗುವಾಗ ಬಾಯಿ ಬಿಡುವುದುಂಟು. ಎಷ್ಟೋ ಸಲ ದೊಡ್ಡ ಸೀಲುಗಳೆಲ್ಲ ಸರಿಯಿದ್ದು, ತಿರುಪಿನ ಕೆಳಗಿನ ಹತ್ತಿಪ್ಪತ್ತು ರೂಪಾಯಿಯ ವಾಷರೇ ಸೋರುತ್ತಿರುತ್ತದೆ. ಹಾಗಿದ್ದರೆ ಏನನ್ನೂ ಬಿಚ್ಚುವ ಅಗತ್ಯವೇ ಇಲ್ಲ.

ಬಿಚ್ಚಲೇಬೇಕಾದರೆ ಒಳಗೆ ಏನಿದೆ ಎಂದು ತಿಳಿದಿರಲಿ. ಮೇಲಿನಿಂದ ಇಳಿಯುವ ನೆಟ್ಟನೆಯ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಗೇರು. ಅದರ ಮುಂದೊಂದು, ಹಿಂದೊಂದು ದೊಡ್ಡ ಗೇರು. ಎರಡೂ ಪಿನಿಯನ್ನಿಗೆ ಸದಾ ಕಚ್ಚಿಕೊಂಡೇ ಇದ್ದು, ಇಂಜಿನ್ ಓಡುವಷ್ಟು ಹೊತ್ತೂ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತವೆ. ನಡುವೆ ಜಾರುವ ಹಲ್ಲಿನ ತುಂಡು, ಡಾಗ್ ಕ್ಲಚ್, ಯಾವ ಕಡೆ ಹೋಗಿ ಕಚ್ಚುತ್ತದೋ ಆ ಕಡೆಗೆ ಪ್ರೊಪೆಲ್ಲರ್ ತಿರುಗುತ್ತದೆ. ಗೇರನ್ನು ಮೆಲ್ಲಗೆ, ಅಳುಕುತ್ತ ಹಾಕುವವರ ಇಂಜಿನ್ನಿನಲ್ಲಿ ಈ ಹಲ್ಲುಗಳ ಮೂಲೆ ಉರುಟಾಗಿರುತ್ತದೆ. ವೇಗ ಇಳಿಸಿ, ಆಮೇಲೆ ಒಂದೇ ಏಟಿಗೆ ಹಾಕಬೇಕು. ಇದನ್ನು ಹೇಳಿದರೆ ನಂಬುವವರು ಕಡಿಮೆ, ಆದರೆ ಸವೆದ ಕ್ಲಚ್ಚನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಿದವರು ಮರೆಯುವುದಿಲ್ಲ.

ಬಿಚ್ಚುವಾಗ ಕಷ್ಟ ಕೊಡುವುದು ಬೋಲ್ಟುಗಳು. ಅಲ್ಯೂಮಿನಿಯಂ ಕವಚದಲ್ಲಿ ಸ್ಟೀಲ್ ಬೋಲ್ಟು, ಸುತ್ತ ಉಪ್ಪುನೀರು: ಎರಡು ಲೋಹಗಳ ನಡುವೆ ಅಲ್ಯೂಮಿನಿಯಂ ಕರಗಿ, ಆ ಬಿಳಿ ಪುಡಿ ಬೋಲ್ಟನ್ನು ಬೆಸುಗೆ ಹಾಕಿದಂತೆ ಹಿಡಿದುಕೊಳ್ಳುತ್ತದೆ. ಹಠ ಮಾಡಿದರೆ ತಲೆ ಮುರಿಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ಕವಚವನ್ನು ಬಿಸಿ ಮಾಡಿ, ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಎಂದು ಆಡಿಸುತ್ತ ತೆಗೆಯುತ್ತೇನೆ. ಒಂದು ಬೋಲ್ಟಿಗೆ ಒಂದು ಗಂಟೆ ಹಿಡಿದದ್ದೂ ಇದೆ.

ಗೇರುಗಳ ಹಿಂದೆ ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಳೆಗಳಿರುತ್ತವೆ, ಶಿಮ್ ಎನ್ನುತ್ತಾರೆ. ಗೇರುಗಳ ಕಚ್ಚು ಎಷ್ಟು ಬಿಗಿ, ಎಷ್ಟು ಸಡಿಲ ಎಂದು ನಿರ್ಧರಿಸುವುದು ಇವೇ. ಎಣ್ಣೆಯ ಅಂಟಿನಲ್ಲಿ ಬೇರಿಂಗಿಗೆ ಹತ್ತಿಕೊಂಡು ಕಣ್ಣು ತಪ್ಪಿಸುತ್ತವೆ. ನಾನು ಜಗಲಿಯಲ್ಲಿ ಬಿಳಿ ಬಟ್ಟೆ ಹಾಸಿ, ತೆಗೆದ ಕ್ರಮದಲ್ಲೇ ಒಂದೊಂದನ್ನೂ ಸಾಲಾಗಿ ಇಟ್ಟು ಫೋಟೋ ತೆಗೆಯುತ್ತೇನೆ. ಬರೀ ಸೀಲು ಬದಲಿಸುವುದಾದರೆ ಹಳೆಯ ಶಿಮ್ಮುಗಳು ಅದೇ ಜಾಗಕ್ಕೆ ಹೋಗಬೇಕು. ಗೇರು, ಬೇರಿಂಗು, ಕವಚ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಮತ್ತೆ ಅಳೆಯಬೇಕು, ಅದಕ್ಕೆ ಕೂದಲೆಳೆಯಷ್ಟು ಸಡಿಲವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಬೇಕು. ನನ್ನ ಮನೆಗೆಲಸದ ಗಡಿ ಅಲ್ಲಿಗೆ ಮುಗಿಯುತ್ತದೆ. ಬೇರಿಂಗ್ ಬದಲಿಸಿದ ವರ್ಷ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಕಾಸರಗೋಡಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅವರು ಗೇರಿನ ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿ, ಎಲ್ಲಿ ಉಜ್ಜಿದೆ ನೋಡಿ, ಶಿಮ್ ಆರಿಸಿಕೊಟ್ಟರು. ನಾನು ಪಕ್ಕದಲ್ಲಿ ಕೂತು ನೋಡಿದೆ.

ಜೋಡಿಸುವಾಗ ಶಾಫ್ಟಿನ ಗೀರುಹಲ್ಲುಗಳಿಗೆ ಟೇಪು ಸುತ್ತಿ ಒಳಗೆ ತಳ್ಳಿ, ಇಲ್ಲದಿದ್ದರೆ ಹೊಸ ಸೀಲಿನ ತುಟಿ ಅಲ್ಲೇ ಹರಿಯುತ್ತದೆ. ಇಂಜಿನ್ ತಣಿಸುವ ನೀರಿನ ಪಂಪಿನ ಇಂಪೆಲ್ಲರನ್ನು, ಅಂದರೆ ಒಳಗೆ ತಿರುಗುವ ರಬ್ಬರ್ ಚಕ್ರವನ್ನು, ಹೇಗೂ ಕೈಗೆ ಸಿಕ್ಕಿದಾಗ ಬದಲಿಸಿಬಿಡಿ. ಎಣ್ಣೆಯನ್ನು ಕೆಳಗಿನ ತೂತಿಗೆ ಕೊಳವೆ ಜೋಡಿಸಿ ಅಲ್ಲಿಂದಲೇ ಹಾಕಬೇಕು, ಮೇಲಿನಿಂದ ಹಾಕಿದರೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಎಣ್ಣೆ ಹೊರಬಂದ ಮೇಲೆ ಮೊದಲು ಮೇಲಿನ ತಿರುಪು, ಆಮೇಲೆ ಕೊಳವೆ ತೆಗೆದು ಕೆಳಗಿನದು. ಹಳೆಯ ಎಣ್ಣೆಯನ್ನು ದಯವಿಟ್ಟು ಹೊಳೆಗೆ ಚೆಲ್ಲಬೇಡಿ. ನಾನು ಡಬ್ಬದಲ್ಲಿ ತುಂಬಿಸಿ ಪೇಟೆಯ ಗ್ಯಾರೇಜಿಗೆ ಕೊಡುತ್ತೇನೆ. ನಮ್ಮ ಅಳಿವೆಯಲ್ಲಿ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವವರು ಈಗಲೂ ಇದ್ದಾರೆ.

ಹತ್ತು ಗಂಟೆ ಓಡಿಸಿದ ಮೇಲೆ ಮತ್ತೆ ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿ, ಕೆಳಗಿನ ತಿರುಪಿನಿಂದ ನಾಲ್ಕು ಹನಿ ಗಾಜಿನ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿಯಿರಿ. ಕಳೆದ ವಾರ ನಾನು ನೋಡಿದಾಗ ಎಣ್ಣೆ ಜೇನಿನ ಬಣ್ಣದಲ್ಲೇ ಇತ್ತು.