ಹೊಸ ಒಡಂಬಡಿಕೆಯನ್ನು ನಂಬಬಹುದಾ?

"ಎರಡು ಸಾವಿರ ವರ್ಷದಿಂದ ನಕಲಾಗುತ್ತಾ ಬಂದ ಪುಸ್ತಕ. ಮಧ್ಯೆ ಯಾರ್ಯಾರು ಏನೇನು ಸೇರಿಸಿದರೋ! ಅದನ್ನು ಹೇಗೆ ನಂಬುತ್ತೀರಿ?" ಯೇಸು ಮತ್ತು ಅವನ ಮೊದಲ ಶಿಷ್ಯರ ಬಗ್ಗೆ ಹೇಳುವ ಬೈಬಲಿನ ಎರಡನೇ ಭಾಗ ಹೊಸ ಒಡಂಬಡಿಕೆ. ಅದರ ಬಗ್ಗೆ ಆಫೀಸಿನ ಗೆಳೆಯರು ಹೀಗೆ ನೇರವಾಗಿ ಕೇಳುತ್ತಾರೆ. ನಮ್ಮ ಸಭೆಯ ಹುಡುಗರು ಆರಾಧನೆ ಮುಗಿದ ಮೇಲೆ ಮೆಲ್ಲಗೆ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಇದರೊಳಗೆ ಎರಡು ಪ್ರಶ್ನೆಗಳಿವೆ. ಅಂದು ಬರೆದದ್ದು ನಮ್ಮ ಕೈಗೆ ಸರಿಯಾಗಿ ಬಂದಿದೆಯಾ? ಬರೆದದ್ದೆಲ್ಲ ನಿಜವಾಗಿ ನಡೆದದ್ದಾ? ಮೊದಲನೆಯದಕ್ಕೆ ಬಹುಪಾಲು ಹೌದು ಎಂದು ಧೈರ್ಯವಾಗಿ ಹೇಳುತ್ತೇನೆ. ಎರಡನೆಯದನ್ನು ಒಂದೊಂದು ಭಾಗವಾಗಿ ನೋಡಬೇಕು.

ಮೂಲ ಪ್ರತಿ ಒಂದೂ ಉಳಿದಿಲ್ಲ. ಇರುವುದೆಲ್ಲ ನಕಲುಗಳು, ಗ್ರೀಕ್ ಭಾಷೆಯಲ್ಲೇ 5000ಕ್ಕೂ ಜಾಸ್ತಿ. ಅವುಗಳಲ್ಲಿ ಹೆಚ್ಚಿನವು 9ನೇ ಶತಮಾನದ ಈಚಿನವು. ಹಳೆಯವೂ ಇವೆ. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಈಜಿಪ್ಟಿನಿಂದ ಬಂದ ಪಪೈರಸ್ಸಿನ, ಅಂದರೆ ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದದ, ಒಂದು ಚೂರಿದೆ. ಸುಮಾರು 9 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ. ಎರಡೂ ಬದಿಯಲ್ಲಿ ಬರವಣಿಗೆ ಇರುವುದರಿಂದ ಅದು ಸುರುಳಿಯದ್ದಲ್ಲ, ಪುಸ್ತಕದ ಹಾಳೆ. ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಿಗೆ ಸುವಾರ್ತೆ ಎನ್ನುತ್ತಾರೆ, ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂದು ನಾಲ್ಕಿವೆ. ಈ ಚೂರಿನಲ್ಲಿರುವುದು ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ರೋಮಿನ ಅಧಿಪತಿ ಪಿಲಾತ ಯೇಸುವನ್ನು ವಿಚಾರಿಸುವ ಭಾಗ. ಅಕ್ಷರದ ರೂಪ ನೋಡಿ 2ನೇ ಶತಮಾನದ್ದು ಎನ್ನುತ್ತಾರೆ, ಇನ್ನೂ ಈಚಿನದಿರಬಹುದು ಎನ್ನುವವರೂ ಇದ್ದಾರೆ. ಒಂದು ಚೂರು ನೋಡಿ ಇಡೀ ಪುಸ್ತಕಕ್ಕೆ ಸರ್ಟಿಫಿಕೇಟ್ ಕೊಡಲು ಆಗುವುದಿಲ್ಲ. ಅದಕ್ಕೆ ದೊಡ್ಡ ಪ್ರತಿಗಳು ಬೇಕು. ಮೊದಲ ಸಭೆಗಳಿಗೆ ಪತ್ರ ಬರೆದ ಪೌಲ ಎಂಬ ಪ್ರಚಾರಕನ ಪತ್ರಗಳ ಸುಮಾರು ಕ್ರಿ.ಶ. 200ರ ಪಪೈರಸ್ ಕಟ್ಟು ಇದೆ. ಅದರ ಹೆಚ್ಚಿನ ಹಾಳೆಗಳು ಡಬ್ಲಿನ್‌ನಲ್ಲಿವೆ. ವ್ಯಾಟಿಕನ್ ಪ್ರತಿ, ಸಿನಾಯ್ ಪ್ರತಿ ಎಂದು ಕರೆಯುವ 4ನೇ ಶತಮಾನದ ಎರಡು ದೊಡ್ಡ ಬೈಬಲ್ ಪ್ರತಿಗಳೂ ಇವೆ.

ಈ ನಕಲುಗಳಲ್ಲಿ ಪಾಠಾಂತರಗಳು, ಅಂದರೆ ಒಂದು ಪ್ರತಿಯಿಂದ ಇನ್ನೊಂದಕ್ಕೆ ಮಾತು ಬೇರೆಯಾದ ಜಾಗಗಳು, ಲಕ್ಷಗಟ್ಟಲೆ. ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಅವುಗಳಲ್ಲಿ ಬಹುಪಾಲು ಕಾಗುಣಿತದ ತಪ್ಪು, ಪದಗಳು ಹಿಂದುಮುಂದಾದದ್ದು, ಕಣ್ಣು ತಪ್ಪಿ ಬಿಟ್ಟುಹೋದ ಸಾಲು. ನಮ್ಮ ಕುಮಾರವ್ಯಾಸನ ಓಲೆಗರಿಗಳನ್ನು ಎದುರುಬದುರು ಇಟ್ಟು ಓದಿದವರು ಮಾಡಿದ ಕೆಲಸವೇ ಇಲ್ಲೂ ನಡೆದಿದೆ.

ದೊಡ್ಡ ವ್ಯತ್ಯಾಸಗಳೂ ಇವೆ, ಅವನ್ನು ಮುಚ್ಚಿಡಬಾರದು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸುವಿನ ಮುಂದೆ ತಂದು ನಿಲ್ಲಿಸುವ ಕಥೆ ಎಲ್ಲರಿಗೂ ಗೊತ್ತು. ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಎಂಬ ಮಾತು ಬರುವುದು ಅಲ್ಲೇ. ನನಗೆ ತುಂಬಾ ಪ್ರಿಯವಾದ ಭಾಗ. ಆದರೆ ಯೋಹಾನನ ಸುವಾರ್ತೆಯ ಹಳೆಯ ಪಪೈರಸ್ಸುಗಳಲ್ಲಿ ಅದಿಲ್ಲ. ವ್ಯಾಟಿಕನ್, ಸಿನಾಯ್ ಪ್ರತಿಗಳಲ್ಲೂ ಇಲ್ಲ. 7ನೇ ಅಧ್ಯಾಯದ 52ನೇ ವಚನದಿಂದ ಸೀದಾ 8ನೇ ಅಧ್ಯಾಯದ 12ಕ್ಕೆ ಹೋಗುತ್ತವೆ. ಮುಂದಿನ ಕಾಲದ ಕೆಲವು ಪ್ರತಿಗಳಲ್ಲಿ ಅದು ಯೋಹಾನನ ಕೊನೆಯಲ್ಲಿದೆ, ಕೆಲವದರಲ್ಲಿ ಲೂಕನ 21ನೇ ಅಧ್ಯಾಯದ ನಂತರ ಬಂದು ಕೂತಿದೆ. ಇನ್ನು ಕೆಲವರು ನಕಲು ಮಾಡುವಾಗ ಪಕ್ಕದಲ್ಲಿ ಗುರುತು ಹಾಕಿ ಅನುಮಾನ ತೋರಿಸಿದ್ದಾರೆ. ಯೇಸುವಿನ ಬಗ್ಗೆ ಜನ ಹೇಳುತ್ತಿದ್ದ ಹಳೆಯ ನೆನಪೊಂದು ತಡವಾಗಿ ಪುಸ್ತಕದೊಳಗೆ ಬಂದಿದೆ ಎಂದೇ ನನಗನಿಸುತ್ತದೆ. ಮಾರ್ಕನ ಕೊನೆಯ ಹನ್ನೆರಡು ವಚನಗಳೂ ಹಾಗೇ, ವ್ಯಾಟಿಕನ್, ಸಿನಾಯ್ ಪ್ರತಿಗಳಲ್ಲಿಲ್ಲ. ಇವತ್ತಿನ ಎಷ್ಟೋ ಬೈಬಲ್‌ಗಳಲ್ಲಿ ಈ ಭಾಗಗಳಿಗೆ ಅಡಿಟಿಪ್ಪಣಿ ಇರುತ್ತದೆ. ದಯವಿಟ್ಟು ಅದನ್ನು ಓದಿ.

ಸೇರಿಸಿದ್ದು ಸಿಕ್ಕಿಬೀಳುತ್ತದೆ, ನನ್ನ ನಂಬಿಕೆಗೆ ಕಾರಣವೇ ಅದು. ನಕಲುಗಳು ಬೇಗನೆ ಬೇರೆ ಬೇರೆ ಊರು ಸೇರಿದವು. ಎಲ್ಲವನ್ನೂ ಒಟ್ಟು ಮಾಡಿ ತಿದ್ದುವ ಅಧಿಕಾರ ಆ ಮೊದಲ ಶತಮಾನಗಳಲ್ಲಿ ಯಾರಿಗೂ ಇರಲಿಲ್ಲ. 325ರಲ್ಲಿ ಬಿಷಪ್‌ಗಳು ಸೇರಿದ ನೈಸೀಯ ಸಭೆಯಲ್ಲಿ ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಆರಿಸಿದರು ಎಂದು ಸುಮ್ನೆ ಹಬ್ಬಿದೆ. ಅಲ್ಲಿ ಪಟ್ಟಿ ತೀರ್ಮಾನವಾಗಲಿಲ್ಲ. ನಾಲ್ಕು ಸುವಾರ್ತೆಗಳನ್ನು ಐರೇನಿಯಸ್ ಎಂಬ ಬಿಷಪ್ ಸುಮಾರು 180ರಲ್ಲೇ ಹೆಸರಿಸಿದ್ದ.

ಇನ್ನು ನಡೆದದ್ದಾ ಎಂಬ ಪ್ರಶ್ನೆ. ಲೂಕನ ಪ್ರಕಾರ ಯೇಸು ಹುಟ್ಟಿದಾಗ ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಕಾಲದ ಜನಗಣತಿ ನಡೆಯುತ್ತಿತ್ತು. ಯೆಹೂದಿ ಇತಿಹಾಸಕಾರ ಜೋಸೆಫಸ್ ಹೇಳುವಂತೆ ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಯೂದಾಯದ ರಾಜ ಹೆರೋದ ಸತ್ತದ್ದು ಕ್ರಿ.ಪೂ. 4ರ ಸುಮಾರಿಗೆ. ಮತ್ತಾಯನಲ್ಲಿ ಯೇಸು ಹುಟ್ಟಿದ್ದು ಹೆರೋದ ಬದುಕಿದ್ದಾಗ. ಎರಡನ್ನೂ ಹೊಂದಿಸುವ ವಾದಗಳನ್ನು ಓದಿದ್ದೇನೆ, ಒಂದೂ ನನಗೆ ಒಪ್ಪಿಗೆಯಾಗಿಲ್ಲ. ಇಲ್ಲಿ ಲೂಕ ತಪ್ಪಿದ್ದಾನೆ ಎಂದೇ ಹೇಳುತ್ತೇನೆ.

ಆದರೆ ಪೌಲನ ವಿಷಯ ಬೇರೆ. ಮೊದಲ ಶಿಷ್ಯರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಪ್ರಕಾರ ಗ್ರೀಸಿನ ಕೊರಿಂಥದಲ್ಲಿ ಅವನನ್ನು ಗಲ್ಲಿಯೋನ ಎಂಬ ಅಧಿಪತಿಯ ಮುಂದೆ ನಿಲ್ಲಿಸಿದರು. ಡೆಲ್ಫಿಯಲ್ಲಿ ಸಿಕ್ಕ ಶಾಸನದಿಂದ ಗಲ್ಲಿಯೋನನ ಅಧಿಕಾರದ ಕಾಲ ಕ್ರಿ.ಶ. 51-52ರ ಸುಮಾರು ಎಂದು ಗೊತ್ತಾಯಿತು. ಅದಾದ ಕೆಲವೇ ವರ್ಷಗಳಲ್ಲಿ ಪೌಲ ಕೊರಿಂಥದವರಿಗೆ ಪತ್ರ ಬರೆಯುತ್ತಾನೆ. ಕ್ರಿಸ್ತ ಸತ್ತ, ಹೂಣಲ್ಪಟ್ಟ, ಎದ್ದ, ಕೇಫನಿಗೆ ಕಾಣಿಸಿಕೊಂಡ. ಇದು ನನಗೆ ಬಂದದ್ದು, ನಿಮಗೂ ಒಪ್ಪಿಸಿದೆ ಎನ್ನುತ್ತಾನೆ. ಕೇಫ ಅಂದರೆ ಯೇಸುವಿನ ಶಿಷ್ಯ ಪೇತ್ರ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಯೆರೂಸಲೇಮಿನಲ್ಲಿ ಅವನ ಜೊತೆ 15 ದಿನ ಇದ್ದೆ, ಯೇಸುವಿನ ತಮ್ಮ ಯಾಕೋಬನನ್ನೂ ಕಂಡೆ ಎಂದು ಹೇಳುತ್ತಾನೆ. ಇದು ನೂರಾರು ವರ್ಷ ಬೆಳೆದ ಕಥೆಯಲ್ಲ. ಯೇಸುವನ್ನು ಕಣ್ಣಾರೆ ಕಂಡವರ ಜೊತೆ ಮಾತಾಡಿದವನ ಪತ್ರ.

ಯೇಸು ಎದ್ದು ಬಂದ ಎಂದು ಆ ಮೊದಲಿನವರು ನಂಬಿದ್ದರು ಎನ್ನುವುದನ್ನು ಈ ಪತ್ರಗಳಿಂದ ತೋರಿಸಬಹುದು. ನಿಜವಾಗಿ ಎದ್ದನಾ ಎಂಬುದನ್ನು ಯಾವ ಪಪೈರಸ್ಸೂ ತೀರ್ಮಾನ ಮಾಡಲಾರದು. ಎದ್ದ ಎಂದು ನಾನು ನಂಬುತ್ತೇನೆ. ನೀವು ನಂಬದಿದ್ದರೂ ಗಲಾತ್ಯದವರಿಗೆ ಬರೆದ ಪತ್ರವನ್ನು ಒಂದು ಸಲ ಓದಿ ನೋಡಿ, ಒಂದು ಗಂಟೆಯೂ ಹಿಡಿಯುವುದಿಲ್ಲ.