ಎಂಟರ್ ಒತ್ತುವ ಮೊದಲೇ ಕೀಲಿಯನ್ನು ಓದುವುದು

ಬಸವನಗುಡಿಯ ನಮ್ಮ ಮನೆಯಲ್ಲಿ, ಮಗಳಿಗೆ ಕನ್ನಡ ಟೈಪಿಂಗ್ ಕಲಿಸುವ ಪುಟ್ಟ ಪ್ರೋಗ್ರಾಮೊಂದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದಾಗ, ಅವಳು ಕೀಲಿ ಒತ್ತಿದ ಕೂಡಲೇ ಸರಿ-ತಪ್ಪು ತಿಳಿಯಬೇಕೆಂಬುದು ನನ್ನ ಆಸೆಯಾಗಿತ್ತು. ಆದರೆ ಎಂಟರ್ ಒತ್ತುವವರೆಗೆ ಪ್ರೋಗ್ರಾಮಿಗೆ ಒಂದಕ್ಷರವೂ ತಲುಪುತ್ತಿರಲಿಲ್ಲ. ಇದು ಪೈಥಾನ್‌ನ ದೋಷವಲ್ಲ. ಬ್ಯಾಕ್‌ಸ್ಪೇಸ್ ಒತ್ತಿ ತಿದ್ದಿಕೊಳ್ಳಲು ಅವಕಾಶವಿರಲೆಂದು ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ಲೇ ಇಡೀ ಸಾಲನ್ನು ತನ್ನ ಬಳಿ ಹಿಡಿದಿಟ್ಟುಕೊಂಡಿರುತ್ತದೆ.

ಟರ್ಮಿನಲ್‌ನ (ಆಜ್ಞೆಗಳನ್ನು ಟೈಪಿಸುವ ಕಿಟಕಿಯ) ಹೊಂದಾಣಿಕೆಗಳನ್ನು ಬದಲಿಸುವ ಟರ್ಮಿಯೋಸ್ ಮೂಲಕ, ಸಾಲು ಮುಗಿಯುವವರೆಗೆ ಹಿಡಿದಿಡುವ ಐಕೆನಾನ್, ಟೈಪಿಸಿದ್ದನ್ನು ಪರದೆಯಲ್ಲಿ ತೋರಿಸುವ ಎಕೋ ಎಂಬ ಎರಡು ಫ್ಲ್ಯಾಗ್‌ಗಳನ್ನು (ಸ್ವಿಚ್‌ಗಳನ್ನು) ತೆಗೆದು, ಕನಿಷ್ಠ ಎಷ್ಟು ಬೈಟ್ ಬೇಕೆನ್ನುವ ವಿಮಿನ್ ಅನ್ನು 1ಕ್ಕೂ ಕಾಯುವ ಅವಧಿಯ ಮಿತಿಯಾದ ವಿಟೈಮ್ ಅನ್ನು 0ಗೂ (ಮಿತಿಯಿಲ್ಲ) ಹೊಂದಿಸಿದರೆ, ಒಂದು ಬೈಟ್ (ಕಂಪ್ಯೂಟರ್ ಮಾಹಿತಿಯ ಒಂದು ಪುಟ್ಟ ತುಣುಕು) ಬಂದೊಡನೆ ಅದು ನಮ್ಮ ಕೈಸೇರುತ್ತದೆ. ವಿಂಡೋಸ್‌ನಲ್ಲಿ ಗೆಟ್‌ಸಿಎಚ್ ಎಂಬ ಫಂಕ್ಷನ್ ಸಾಕು.

ಆದರೆ ಒಂದು ಕೀಲಿಗೆ ಒಂದೇ ಬೈಟ್ ಎಂದು ನಂಬಿದರೆ ಎಡವುವುದು ಖಂಡಿತ. ಮೇಲ್ಮುಖ ಬಾಣದ ಕೀಲಿ ಸಾಮಾನ್ಯವಾಗಿ 27, 91, 65 ಎಂಬ ಮೂರು ಬೈಟ್‌ಗಳನ್ನು ಕಳಿಸುತ್ತದೆ; ಎಸ್ಕೇಪ್ ಕೀಲಿಯದೂ ಅದೇ 27 ಆಗಿರುವುದರಿಂದ, ಮುಂದಿನ ಬೈಟ್‌ಗಾಗಿ ಕ್ಷಣಕಾಲ ಕಾಯದೆ ಇವೆರಡನ್ನು ಬೇರ್ಪಡಿಸಲಾಗದು. ನಮ್ಮ ‘ಕ’ ಅಕ್ಷರವು, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ, 224, 178, 149 ಎಂಬ ಮೂರು ಬೈಟ್‌ಗಳು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷಿ’ಯಲ್ಲಿ ಕ, ಹಲಂತ ಚಿಹ್ನೆ (್), ಷ, ಗುಣಿತ ಚಿಹ್ನೆ ಸೇರಿ ಒಟ್ಟು 12 ಬೈಟ್‌ಗಳಿವೆ. ಮಗುವಿನ ಪಾಲಿಗೆ ಅದು ಒಂದೇ ಅಕ್ಷರ. ಪ್ರೋಗ್ರಾಮೂ ಅದನ್ನು ಹಾಗೆಯೇ ಎಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಸಂಜೆ ಪ್ರೋಗ್ರಾಮ್ ನಡುವೆಯೇ ನಿಂತುಹೋಗಿ, ಎಕೋ ಮರಳದೆ, ಟರ್ಮಿನಲ್‌ನಲ್ಲಿ ಟೈಪಿಸಿದ್ದೊಂದೂ ಕಾಣದಂತಾಯಿತು. ಪರದೆ ನೋಡದೆಯೇ ಟರ್ಮಿನಲ್ಲನ್ನು ಸಹಜ ಸ್ಥಿತಿಗೆ ತರುವ ‘ಎಸ್‌ಟಿಟಿವೈ ಸೇನ್’ (stty sane) ಎಂಬ ಆಜ್ಞೆಯನ್ನು ಟೈಪಿಸಿ ಸರಿಪಡಿಸಿದೆ. ಅಂದಿನಿಂದ ಹಳೆಯ ಹೊಂದಾಣಿಕೆಗಳನ್ನು ಮೊದಲೇ ಉಳಿಸಿಕೊಂಡು, ನಡುವೆ ದೋಷ ಬಂದರೂ ನಡೆಯುವ ಫೈನಲಿ ಭಾಗದಲ್ಲಿ ತಪ್ಪದೆ ಮರಳಿಸುತ್ತಿದ್ದೇನೆ.